ಬೆಣ್ಣೆಹಳ್ಳದ ಸುಳಿಯೂ ಎಂಜಿನಿಯರರ ಗುಣಾಂಕವೂ

ಮಳೆಗಾಲದ ಸಂಜೆ ನವಲಗುಂದದ ಕಡೆ ಹೊರಟವರು ಮೊದಲು ಕೇಳುವ ಪ್ರಶ್ನೆ, "ಹಳ್ಳ ಇಳೀತೇನ್ರೀ?" ಉತ್ತರ ಹೇಳುವ ರೈತ ನೀರಿನ ಮಟ್ಟವನ್ನಷ್ಟೇ ನೋಡಿ ಹೇಳುವುದಿಲ್ಲ. ನೀರಿನ ಬಣ್ಣ, ಸೇತುವೆಯ ಕಂಬದ ಹಿಂದೆ ತಿರುಗುವ ಸುಳಿ, ತೇಲಿ ಬಂದ ಕಂಟಿ ಸಾಗುವ ವೇಗ, ಕತ್ತಲಲ್ಲಿ ಕೇಳುವ ಸಪ್ಪಳ ಎಲ್ಲವನ್ನೂ ಕೂಡಿಸಿ ನೋಡಿ, "ಇನ್ನೂ ಸೆಳವು ಐತ್ರಿ, ಗಾಡಿ ಇಳಸಬ್ಯಾಡ್ರಿ" ಅನ್ನುತ್ತಾನೆ. ಅವನು ಸೆಳವು ಅನ್ನುವುದನ್ನೇ ಜಲವಿಜ್ಞಾನ ಪ್ರಕ್ಷುಬ್ಧ ಪ್ರವಾಹ ಎಂದು ಕರೆಯುತ್ತದೆ. ಇನ್ನೂರೈವತ್ತು ವರ್ಷಗಳಿಂದ ಅದನ್ನು ಲೆಕ್ಕಕ್ಕೆ ಹಿಡಿಯುವ ಯತ್ನ ನಡೆದಿದೆ. ಆ ಲೆಕ್ಕ ಎಲ್ಲಿಗೆ ಬಂದಿದೆ, ನಮ್ಮ ಹಳ್ಳ–ನಾಲಾಗಳಿಗೆ ಅದು ಎಷ್ಟು ಹೊಂದುತ್ತದೆ ಎಂಬುದು ಈ ಲೇಖನದ ವಿಷಯ.

ಇದನ್ನು ಕೇಳಲು ಹುಬ್ಬಳ್ಳಿ–ಧಾರವಾಡಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅವಳಿ ನಗರ ನಿಂತಿರುವುದು ನೀರು ಹಂಚಿಹೋಗುವ ಏರಿನ ಮೇಲೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಬೆಣ್ಣೆಹಳ್ಳ. ಶಿಗ್ಗಾಂವಿ ತಾಲ್ಲೂಕಿನ ದುಂಡಶಿ ಕಡೆಯಿಂದ ಬಂದು, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳ ಎರೆ ಹೊಲಗಳನ್ನು ಹಾದು, ತುಪ್ಪರಿಹಳ್ಳವನ್ನು ಕೂಡಿಕೊಂಡು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ನಡುವೆ ಉಣಕಲ್ ಕೆರೆ, ಅದರ ಕೋಡಿಯಿಂದ ಹೊರಟು ಹುಬ್ಬಳ್ಳಿಯ ಎದೆಯ ಮೇಲೆ ಹರಿಯುವ ಉಣಕಲ್ ನಾಲಾ. ಇಷ್ಟು ಸಣ್ಣ ಸೀಮೆಯಲ್ಲಿ ಗುಡ್ಡದ ತೊರೆ, ಎರೆನಾಡಿನ ಹಳ್ಳ, ನಗರದ ಕೊಳಚೆ ನಾಲಾ, ಅಂತರಗಂಗೆ ಕಟ್ಟಿದ ಕೆರೆ ಎಲ್ಲವೂ ಇವೆ. ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲು ಪ್ರಕ್ಷುಬ್ಧತೆ ಎಂದರೇನು ಎಂಬುದನ್ನು ನೋಡೋಣ. ಹೆಂಚಿನ ಮೇಲೆ ಒಂದು ಮಿಲಿಮೀಟರ್ ದಪ್ಪ ನೀರು ಸೆಕೆಂಡಿಗೆ ಹತ್ತು ಸೆಂಟಿಮೀಟರ್ ವೇಗದಲ್ಲಿ ಜಾರಿದರೆ ಪದರದ ಮೇಲೆ ಪದರ ಸರಿದಂತೆ ಸಾಗುತ್ತದೆ, ಒಂದು ಪದರ ಇನ್ನೊಂದರೊಳಗೆ ನುಗ್ಗುವುದಿಲ್ಲ. ವೇಗವನ್ನು ಆಳದಿಂದ ಗುಣಿಸಿ ನೀರಿನ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವುದು ರೆನಾಲ್ಡ್ಸ್ ಸಂಖ್ಯೆ. ಹೆಂಚಿನ ನೀರಿಗೆ ಅದು ಸುಮಾರು 100. ಅದೇ ನೀರು ನಾಲಾ ಸೇರಿ 40 ಸೆಂಟಿಮೀಟರ್ ಆಳ, ಸೆಕೆಂಡಿಗೆ 40 ಸೆಂಟಿಮೀಟರ್ ವೇಗ ಪಡೆದಾಗ ಸಂಖ್ಯೆ ಒಂದೂವರೆ ಲಕ್ಷ ದಾಟುತ್ತದೆ. ತೆರೆದ ಕಾಲುವೆಯಲ್ಲಿ ಅದು ಕೆಲವು ಸಾವಿರ ಮುಟ್ಟುವಷ್ಟರಲ್ಲೇ ಪದರಗಳು ಮುರಿದು ಸುಳಿಗಳು ಏಳುತ್ತವೆ. ಅಂದರೆ ಹೆಂಚು ಬಿಟ್ಟು ಗಟಾರಕ್ಕಿಳಿದ ಮೇಲೆ ನಾವು ಕಾಣುವ ಹರಿವೆಲ್ಲ ಪ್ರಕ್ಷುಬ್ಧವೇ. ಓಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಬಿಟ್ಟು ಈ ಮುರಿಯುವ ಕ್ಷಣವನ್ನು ಕಣ್ಣಾರೆ ತೋರಿಸಿದ.

ನೀರಿನ ಚಲನೆಯ ಸಮೀಕರಣ ಗೊತ್ತಿಲ್ಲದ್ದೇನಲ್ಲ. ನೇವಿಯರ್ ಮತ್ತು ಸ್ಟೋಕ್ಸ್ ಹತ್ತೊಂಬತ್ತನೇ ಶತಮಾನದಲ್ಲೇ ಅದನ್ನು ಬರೆದಿಟ್ಟರು. ಆದರೆ ಆ ಸಮೀಕರಣಕ್ಕೆ ಎಲ್ಲ ಕಾಲಕ್ಕೂ ನಯವಾದ ಉತ್ತರ ಇದ್ದೇ ಇರುತ್ತದೆಯೇ ಎಂಬುದನ್ನು ಸಾಧಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನವನ್ನು 2000ದಲ್ಲಿ ಘೋಷಿಸಲಾಯಿತು. ಈ ಪ್ರಶ್ನೆಗೆ ಅದು ಇನ್ನೂ ಯಾರಿಗೂ ಸಂದಿಲ್ಲ. ಕಂಪ್ಯೂಟರಿನ ಬಲದಿಂದ ಎಲ್ಲ ಸುಳಿಗಳನ್ನೂ ಲೆಕ್ಕ ಹಾಕಿಬಿಡೋಣವೆಂದರೆ ಅದೂ ಸುಲಭವಲ್ಲ. ದೊಡ್ಡ ಸುಳಿ ಒಡೆದು ಸಣ್ಣದಾಗುತ್ತ, ಸಣ್ಣದು ಇನ್ನೂ ಸಣ್ಣದಾಗುತ್ತ, ಕೊನೆಗೆ ಸ್ನಿಗ್ಧತೆಗೆ ಸೋತು ಕಾವಾಗಿ ಕರಗುತ್ತದೆ. ಈ ಕೊನೆಯ ಸುಳಿಯ ಗಾತ್ರವನ್ನು ರಷ್ಯದ ಕೊಲ್ಮೊಗೊರೊವ್ 1941ರಲ್ಲಿ ಹೇಳಿದ. ಒಂದು ಮೀಟರ್ ಆಳದ, ಸೆಕೆಂಡಿಗೆ ಒಂದು ಮೀಟರ್ ಓಡುವ ಹಳ್ಳದಲ್ಲಿ ಅದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಹಾಗಾದರೆ ಒಂದೇ ಒಂದು ಘನಮೀಟರ್ ನೀರಿಗೆ ಲಕ್ಷ ಕೋಟಿ ಬಿಂದುಗಳು ಬೇಕು, ಪ್ರತಿ ಬಿಂದುವಿಗೂ ಕ್ಷಣಕ್ಷಣದ ಲೆಕ್ಕ ಬೇಕು. ಬೆಣ್ಣೆಹಳ್ಳದ ಒಂದು ಮಡುವಿನಲ್ಲಿ ಇಂಥ ಘನಮೀಟರ್ ಸಾವಿರಾರು.

ಆದ್ದರಿಂದ ಪ್ರಕ್ಷುಬ್ಧತೆಯ ಪ್ರತಿಯೊಂದು ಮಾದರಿಯೂ ಒಂದು ಬಗೆಯ ರಾಜಿ. ಯಾವ ಸುಳಿಯನ್ನು ಲೆಕ್ಕ ಹಾಕಬೇಕು, ಯಾವುದನ್ನು ಒಂದು ಅಂಕಿಯೊಳಗೆ ಮುಚ್ಚಿಡಬೇಕು ಎಂಬ ಆಯ್ಕೆ. ಆ ಅಂಕಿಯನ್ನು ಗುಣಾಂಕ ಅನ್ನುತ್ತಾರೆ. ಗುಣಾಂಕ ಯಾವ ನೀರಿನಲ್ಲಿ ಅಳೆದದ್ದು ಎಂಬ ಪ್ರಶ್ನೆ ನಮ್ಮಲ್ಲಿ ಕೇಳಿಬರುವುದು ತೀರಾ ಕಡಿಮೆ. ನಾನು ಇಡೀ ಲೇಖನದಲ್ಲಿ ಹಿಡಿದು ಹೋಗುತ್ತಿರುವುದು ಈ ಪ್ರಶ್ನೆಯನ್ನೇ.

ಎಲ್ಲಕ್ಕಿಂತ ಹೆಚ್ಚು ಮುಚ್ಚಿಡುವ ಸೂತ್ರವೇ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರ ಅದು. ಅದಕ್ಕೂ ಹಿಂದೆ ಫ್ರಾನ್ಸಿನ ಷೆಜಿ ಇದೇ ದಾರಿಯಲ್ಲಿ ನಡೆದಿದ್ದ. ಇಳಿಜಾರು, ಆಳ, ಒರಟುತನ, ಈ ಮೂರು ಕೊಟ್ಟರೆ ವೇಗ ಬರುತ್ತದೆ. ಸುಳಿಗಳೆಲ್ಲ ಸೇರಿ ನೀರಿನ ಓಟಕ್ಕೆ ಒಡ್ಡುವ ತಡೆ ಪೂರ್ತಿಯಾಗಿ ಆ ಒರಟುತನದ ಅಂಕಿಯೊಳಗೆ ಕೂತಿರುತ್ತದೆ. ಸ್ವಚ್ಛವಾದ ನೇರ ಮಣ್ಣಿನ ಹಳ್ಳಕ್ಕೆ 0.03ರ ಆಸುಪಾಸು, ಗಿಡಗಂಟಿ ದಟ್ಟವಾಗಿ ಬೆಳೆದ ಪಾತ್ರಕ್ಕೆ 0.1 ಅಥವಾ ಇನ್ನೂ ಮೇಲೆ ಎಂದು ಕೈಪಿಡಿಗಳು ಹೇಳುತ್ತವೆ.

ಬೆಣ್ಣೆಹಳ್ಳಕ್ಕೆ ಯಾವ ಅಂಕಿ ಹಾಕಬೇಕು? ಪಾತ್ರದ ತುಂಬ ಜಾಲಿಕಂಟಿ, ಆಪು, ಹೂಳು. 2009ರ ಅಕ್ಟೋಬರ್ ಹೊತ್ತಿನಲ್ಲೂ 2019ರ ಆಗಸ್ಟಿನಲ್ಲೂ ಉತ್ತರ ಕರ್ನಾಟಕ ಮುಳುಗಿದಾಗ ಈ ಹಳ್ಳ ಹೊಲಗಳ ಮೇಲೆ ಹರಡಿತು. ಪ್ರತಿ ಸಲವೂ ಮಳೆಯನ್ನು ದೂರಿದೆವು. ಮಳೆ ಬಿದ್ದದ್ದು ನಿಜ. ಆದರೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಅಗಲವಾದ ಪಾತ್ರದಲ್ಲಿ ಅಷ್ಟೇ ನೀರು ಅದೇ ಇಳಿಜಾರಿನಲ್ಲಿ ಹರಿಯುವಾಗ ಒರಟುತನ ಎರಡು ಪಟ್ಟಾದರೆ ಆಳ ಒಂದೂವರೆ ಪಟ್ಟಾಗುತ್ತದೆ. ಮೂರು ಪಟ್ಟಾದರೆ ಆಳ ಹೆಚ್ಚುಕಡಿಮೆ ಎರಡು ಪಟ್ಟು. ಸ್ವಚ್ಛ ಪಾತ್ರದಲ್ಲಿ ಎರಡು ಮೀಟರಿನಲ್ಲಿ ಸಾಗಿಹೋಗುತ್ತಿದ್ದ ನೀರು ಕಂಟಿಯ ನಡುವೆ ನಾಲ್ಕು ಮೀಟರಿಗೆ ಏರಲು ನೋಡುತ್ತದೆ, ಏರುವ ಮೊದಲೇ ದಂಡೆ ಒಡೆದು ಹೆಸರು, ಗೋವಿನಜೋಳದ ಮೇಲೆ ಹರಿಯುತ್ತದೆ. ಮೇಲಾಗಿ ಜಾಲಿ ಗಟ್ಟಿಯಾಗಿ ನಿಲ್ಲುವ ಗಿಡ, ಆಪು ಬಾಗುವ ಹುಲ್ಲು. ನೀರು ಏರಿದಾಗ ಆಪು ಮಲಗಿ ದಾರಿ ಬಿಡುತ್ತದೆ, ಜಾಲಿ ಬಿಡುವುದಿಲ್ಲ. ಬುಡಕ್ಕೆ ಕಸ ಸಿಕ್ಕಿಸಿಕೊಂಡು ಇನ್ನೂ ಹೆಚ್ಚು ತಡೆಯುತ್ತದೆ. ಹಾಗಾಗಿ ಈ ಹಳ್ಳಕ್ಕೆ ಒಂದೇ ಗುಣಾಂಕ ಎಂಬುದೇ ಇಲ್ಲ. ನೀರು ಏರುವಾಗ ಒಂದು, ಇಳಿಯುವಾಗ ಒಂದು, ಹೂಳೆತ್ತಿದ ವರ್ಷ ಒಂದು, ಮೂರು ವರ್ಷ ಬಿಟ್ಟು ಮತ್ತೊಂದು.

ಈಗ ಪ್ರವಾಹದ ನಕ್ಷೆಗಳು ಕಂಪ್ಯೂಟರಿನಲ್ಲಿ ತಯಾರಾಗುತ್ತವೆ. ಫ್ರಾನ್ಸಿನ ಸಾಂ-ವೆನಾ 1871ರಲ್ಲಿ ಕೊಟ್ಟ ಸಮೀಕರಣಗಳೇ ಅವುಗಳ ಬುನಾದಿ. ಉಪಗ್ರಹದಿಂದ ನೆಲದ ಎತ್ತರ ಬರುತ್ತದೆ, ಪರದೆಯ ಮೇಲೆ ನೀಲಿ ಬಣ್ಣ ಹರಡುತ್ತದೆ. ನೋಡಲು ಚೆಂದ, ಕೆಲಸಕ್ಕೂ ಬರುತ್ತವೆ. ಆದರೆ ಆ ನೀಲಿಯ ಅಂಚು ಯಾವ ಹಳ್ಳಿಯ ಬಾಗಿಲಿಗೆ ಮುಟ್ಟುತ್ತದೆ ಎಂಬುದನ್ನು ತೀರ್ಮಾನಿಸುವುದು ಹಿಂದೆ ಕೂತ ಒರಟುತನದ ಅಂಕಿ. ಅದನ್ನು ಅಮೆರಿಕದ ಕೈಪಿಡಿಯ ಪಟ್ಟಿಯಿಂದ ಎತ್ತಿಕೊಂಡಿದ್ದರೆ, ವರ್ಷವಿಡೀ ಹರಿಯುವ, ಉಸುಕು–ಕಲ್ಲಿನ ತಳದ ನದಿಯನ್ನು ನಾವು ನವಲಗುಂದದ ಎರೆಯ ಮೇಲೆ ಹರಿಸಿದಂತಾಯಿತು.

ಸುಳಿಯನ್ನು ಸ್ವಲ್ಪವಾದರೂ ಬಿಡಿಸಿ ನೋಡಬೇಕೆಂದವರ ದಾರಿ ಬೇರೆ. ಬೂಸಿನೆಸ್ಕ್ 1877ರಲ್ಲಿ ಒಂದು ಉಪಾಯ ಹೂಡಿದ: ಸುಳಿಗಳು ನೀರನ್ನು ಹೆಚ್ಚು ಅಂಟಾಗಿಸುತ್ತವೆ ಎಂದುಕೊಳ್ಳೋಣ, ಅದಕ್ಕೊಂದು ಸುಳಿ-ಸ್ನಿಗ್ಧತೆ ಇಟ್ಟುಕೊಳ್ಳೋಣ. ಪ್ರಾಂಟ್ಲ್ 1925ರಲ್ಲಿ ಆ ಸ್ನಿಗ್ಧತೆಯನ್ನು ಸುಳಿ ಎಷ್ಟು ದೂರ ಅಲೆಯುತ್ತದೆ ಎಂಬ ಉದ್ದಕ್ಕೆ ಕಟ್ಟಿಹಾಕಿದ. 1970ರ ದಶಕದಲ್ಲಿ ಲಂಡನ್ನಿನ ಲಾಂಡರ್, ಸ್ಪಾಲ್ಡಿಂಗ್ ಮತ್ತು ಅವರ ಜೊತೆಗಾರರು ಸುಳಿಗಳ ಶಕ್ತಿಗೊಂದು, ಆ ಶಕ್ತಿ ಕರಗುವ ವೇಗಕ್ಕೊಂದು ಸಮೀಕರಣ ಬರೆದರು. ಇವತ್ತಿಗೂ ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟಿನಿಂದ ಅಣೆಕಟ್ಟಿನ ವಿನ್ಯಾಸದವರೆಗೆ ದುಡಿಯುತ್ತಿರುವುದು ಈ ಮಾದರಿ. ಅದರೊಳಗೆ 0.09, 1.44, 1.92 ಮುಂತಾದ ಐದು ಅಂಕಿಗಳಿವೆ. ಅವು ಸಿಕ್ಕಿದ್ದು ಪ್ರಯೋಗಾಲಯದ ಅಚ್ಚುಕಟ್ಟಾದ ಹರಿವುಗಳಿಂದ. ವಿನ್ಯಾಸದ ಮೇಜಿನ ಮೇಲೆ ಅವನ್ನು ಮುಟ್ಟಲು ಯಾರೂ ಹೋಗುವುದಿಲ್ಲ. ಅಮೆರಿಕದ ಸ್ಮಾಗೊರಿನ್‌ಸ್ಕಿ 1963ರಲ್ಲಿ ತೋರಿಸಿದ ದಾರಿ ಇನ್ನೊಂದು: ದೊಡ್ಡ ಸುಳಿಗಳನ್ನು ಲೆಕ್ಕ ಹಾಕು, ಸಣ್ಣವನ್ನು ಮಾತ್ರ ಮುಚ್ಚಿಡು. ಸೇತುವೆ ಕಂಬದ ಬುಡದ ಮಣ್ಣು ಯಾಕೆ ಕೊರೆದುಹೋಗುತ್ತದೆ ಎಂಬುದನ್ನು ನೋಡಲು ಇದು ಒಳ್ಳೆಯದು, ಇಡೀ ಹಳ್ಳಕ್ಕೆ ತೀರಾ ದುಬಾರಿ.

ಈ ವಿದ್ಯೆಯಲ್ಲಿ ನಮ್ಮವರ ಪಾಲು ಸಣ್ಣದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾವ್, ರೊದ್ದಂ ನರಸಿಂಹ ಮತ್ತು ಬದರಿ ನಾರಾಯಣನ್ 1971ರಲ್ಲಿ ಪ್ರಕಟಿಸಿದ ಕೆಲಸ ಗೋಡೆಯ ಬಳಿಯ ಹರಿವಿನಲ್ಲಿ ಆಗುವ ಸ್ಫೋಟಗಳ ಬಗ್ಗೆ. ಪ್ರಕ್ಷುಬ್ಧತೆ ಸಮನಾಗಿ ಹರಡಿರುವುದಿಲ್ಲ, ತಳದ ನಿಧಾನ ನೀರು ಇದ್ದಕ್ಕಿದ್ದಂತೆ ಮೇಲಕ್ಕೆ ಚಿಮ್ಮುತ್ತದೆ, ಆ ಚಿಮ್ಮುಗಳ ನಡುವಿನ ಅವಧಿಯನ್ನು ನಿರ್ಧರಿಸುವುದು ಗೋಡೆಯ ಪಕ್ಕದ ತೆಳು ಪದರವಷ್ಟೇ ಅಲ್ಲ, ಹೊರಗಿನ ಇಡೀ ಹರಿವು ಎಂದು ಅವರು ತೋರಿಸಿದರು. ಅದೇ ಗರಡಿಯಲ್ಲಿ ಬೆಳೆದ ಕೆ.ಆರ್. ಶ್ರೀನಿವಾಸನ್ ಮುಂದೆ ಜಗತ್ತಿನ ಅಗ್ರ ಪ್ರಕ್ಷುಬ್ಧತಾ ವಿಜ್ಞಾನಿಗಳಲ್ಲಿ ಒಬ್ಬರಾದರು. 1971ರ ಆ ಪ್ರಯೋಗಗಳು ಗಾಳಿಯಲ್ಲಿ ನಡೆದಿರಬಹುದು, ಆದರೆ ಹಳ್ಳದ ತಳದಿಂದ ಮಣ್ಣನ್ನು ಕೀಳುವುದೂ ಇಂಥ ಚಿಮ್ಮುಗಳೇ.

ಮಣ್ಣಿನ ಮಾತು ಬಂದಿತು. ಕಾಲು ಮಿಲಿಮೀಟರಿಗಿಂತ ತುಸು ಸಣ್ಣ ಉಸುಕಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಒಂದು ನಿಮಿಷದೊಳಗೆ ಸಾಕು. ಎರೆಮಣ್ಣಿನ ಎರಡು ಮೈಕ್ರಾನ್ ಜೇಡಿ ಕಣಕ್ಕೆ ಮೂರು ದಿನ ಬೇಕು. ಹರಿಯುವ ಹಳ್ಳದಲ್ಲಿ ಉಸುಕು ತಳದಲ್ಲಿ ಹೆಚ್ಚು, ಮೇಲೆ ಕಡಿಮೆ; ಜೇಡಿಯೋ ತಳದಿಂದ ಮೇಲಿನವರೆಗೂ ಒಂದೇ ಸಮ. ಅದನ್ನು ಎತ್ತಿ ಹಿಡಿಯಲು ಸುಳಿಗೆ ಶ್ರಮವೇ ಇಲ್ಲ. ಹಂಟರ್ ರೌಸ್ 1937ರಲ್ಲಿ ಈ ಹಂಚಿಕೆಯ ಸೂತ್ರ ಕೊಟ್ಟ. ಒಡ್ಡು ಹಾಕದ ಹೊಲದಿಂದ ಒಂದು ಮಳೆಗೆ ಹೊರಟ ಕರಿಮಣ್ಣು ದಾರಿಯಲ್ಲಿ ಎಲ್ಲೂ ನಿಲ್ಲದೆ ಮಲಪ್ರಭೆಯವರೆಗೆ ಹೋಗಬಲ್ಲದು ಎಂದು ಆ ಸೂತ್ರ ಹೇಳುತ್ತದೆ. ಬೆಣ್ಣೆಹಳ್ಳದ ನೀರು ಬಗ್ಗಡವಾಗಿ ಕಂಡಾಗಲೆಲ್ಲ ನಾವು ನೋಡುತ್ತಿರುವುದು ಯಾರದೋ ಹೊಲದ ಮೇಲ್ಮಣ್ಣು.

ಇದೇ ಪ್ರಕ್ಷುಬ್ಧತೆ ನಮ್ಮ ನಲ್ಲಿಯ ನೀರನ್ನು ತಿಳಿಯಾಗಿಸುವ ಸಾಧನವೂ ಹೌದು. ಸವದತ್ತಿಯ ರೇಣುಕಾಸಾಗರದಿಂದ ಎತ್ತಿದ ನೀರು ಅಮ್ಮಿನಭಾವಿಯ ಶುದ್ಧೀಕರಣ ಘಟಕ ದಾಟಿ ಅವಳಿ ನಗರಕ್ಕೆ ಬರುತ್ತದೆ. ಇಂಥ ಘಟಕಗಳಲ್ಲಿ ಪಟಿಕ ಬೆರೆಸಿದ ನೀರನ್ನು ಹದವಾಗಿ ಕದಡುತ್ತಾರೆ. ಕದಡುವಿಕೆ ಕಡಿಮೆಯಾದರೆ ಜೇಡಿ ಕಣಗಳು ಒಂದಕ್ಕೊಂದು ತಾಗುವುದಿಲ್ಲ, ಹೆಚ್ಚಾದರೆ ಕಟ್ಟಿದ ಗಂಟು ಒಡೆಯುತ್ತದೆ. ಆ ಹದಕ್ಕೆ ಕ್ಯಾಂಪ್ ಮತ್ತು ಸ್ಟೈನ್ 1943ರಲ್ಲಿ ಒಂದು ಅಳತೆ ಕೊಟ್ಟರು. ಸುಳಿಯ ಲೆಕ್ಕ ಅಡಿಗೆಯ ಹದದಂತೆ ಕೈಗೆ ಸಿಕ್ಕಿರುವ ಕೆಲವೇ ಜಾಗಗಳಲ್ಲಿ ಇದು ಒಂದು.

ನೀರು ಹೊತ್ತೊಯ್ಯುವ ಕೊಳೆಯ ಕಡೆಗೆ ಬರೋಣ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇರುವುದು ಇಲ್ಲಿ. 2011ರ ಜನಗಣತಿಯಲ್ಲೇ ಅವಳಿ ನಗರದ ಜನಸಂಖ್ಯೆ ಒಂಬತ್ತು ಲಕ್ಷ ದಾಟಿತ್ತು. ಕೊಳಚೆಯ ದೊಡ್ಡ ಪಾಲು ನಾಲಾಗಳ ದಾರಿ ಹಿಡಿದು ಬಂದಿದೆ. ಬ್ರಾಡ್‌ಫೋರ್ಡ್, ಬ್ರೂಕ್ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹುಣಶ್ಯಾಳ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಹುಬ್ಬಳ್ಳಿ–ಧಾರವಾಡದ ಅಂಚಿನ ಊರುಗಳ ರೈತರು ಈ ನೀರನ್ನು ಪಂಪ್ ಹಚ್ಚಿ ಎತ್ತಿ ಕಾಯಿಪಲ್ಲೆ ಬೆಳೆಯುವುದನ್ನು ದಾಖಲಿಸಿತು. ಬೇಸಿಗೆಯಲ್ಲೂ ಬತ್ತದ ನೀರು ಅವರಿಗೆ ಅದೊಂದೇ. ನಾಲಾದ ಯಾವ ತಿರುವಿನಲ್ಲಿ ನೀರು ಹೇಗಿದೆ ಎಂಬುದು ಅವರ ಕೈ, ಕಾಲು, ಚರ್ಮದ ಪ್ರಶ್ನೆ, ಆ ಪಲ್ಲೆ ತಿನ್ನುವ ನಮ್ಮ ಹೊಟ್ಟೆಯ ಪ್ರಶ್ನೆಯೂ ಹೌದು.

ನಿಂತ ನೀರಿನಲ್ಲಿ ಕರಗಿದ ಉಪ್ಪು ತಾನಾಗಿ ಒಂದು ಮೀಟರ್ ಹರಡಲು ಹತ್ತು ವರ್ಷ ಬೇಕು. ಹರಿಯುವ ನಾಲಾದಲ್ಲಿ ಸುಳಿಗಳು ಅದನ್ನು ಮೂರು ನಿಮಿಷದಲ್ಲಿ ಮಾಡುತ್ತವೆ. ಇಷ್ಟು ಜೋರಿನ ಬೆರಕೆ ಇದ್ದರೂ ಅಡ್ಡಗಲಕ್ಕೆ ಅದು ಸಾಲುವುದಿಲ್ಲ. ಎಂಟು ಮೀಟರ್ ಅಗಲ, 40 ಸೆಂಟಿಮೀಟರ್ ಆಳ, ಸೆಕೆಂಡಿಗೆ 40 ಸೆಂಟಿಮೀಟರ್ ವೇಗದ ನೇರ ನಾಲಾ ಎಂದಿಟ್ಟುಕೊಳ್ಳಿ. ಒಂದು ದಂಡೆಯಲ್ಲಿ ಸೇರಿದ ಗಟಾರದ ನೀರು ಇನ್ನೊಂದು ದಂಡೆಯವರೆಗೆ ಸಮನಾಗಿ ಬೆರೆಯಲು ಬೇಕಾಗುವ ದಾರಿ ಮೂರು ಕಿಲೊಮೀಟರಿಗೂ ಹೆಚ್ಚು! ಬಳುಕಿ ಹರಿದರೆ ಒಂದು ಕಿಲೊಮೀಟರಿಗೆ ಇಳಿಯಬಹುದು. ಎಡದಂಡೆಯಲ್ಲಿ ಬಾಟಲಿ ಅದ್ದಿ ತೆಗೆದ ಮಾದರಿ ಬಲದಂಡೆಯ ಪಂಪಿನ ಬಗ್ಗೆ ಏನೂ ಹೇಳದೆ ಇರಬಹುದು. ಹಾಗಾಗಿ ನೀರಿನ ಪರೀಕ್ಷೆಯ ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಅಂಕಿಯನ್ನಲ್ಲ, ಎಲ್ಲಿ ನಿಂತು ತುಂಬಿದರು ಎಂಬ ಸಾಲನ್ನು.

ಉಸಿರಿನ ಲೆಕ್ಕವೂ ಸುಳಿಯದೇ. ಕೊಳೆ ಆಮ್ಲಜನಕವನ್ನು ತಿನ್ನುತ್ತದೆ, ಮೇಲ್ಮೈಯ ಸುಳಿ ಗಾಳಿಯಿಂದ ಅದನ್ನು ಒಳಗೆ ಎಳೆಯುತ್ತದೆ. ಒಹಾಯೊ ನದಿಯ ಮೇಲೆ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಈ ಜಮಾಖರ್ಚನ್ನು ಬರೆದರು. 1958ರ ಒ'ಕಾನರ್–ಡಾಬಿನ್ಸ್ ಸೂತ್ರವನ್ನು ಮೇಲಿನ ನಾಲಾಕ್ಕೆ ಹಚ್ಚಿ ನೋಡಿ. ತೆಳುವಾಗಿ ಓಡುವ ನೀರಿಗೂ, ಪ್ಲಾಸ್ಟಿಕ್ ಕಟ್ಟಿ ಒಂದೂವರೆ ಮೀಟರ್ ಆಳಕ್ಕೆ ನಿಂತು ಸೆಕೆಂಡಿಗೆ ಹತ್ತು ಸೆಂಟಿಮೀಟರ್ ತೆವಳುವ ನೀರಿಗೂ ಉಸಿರೆಳೆಯುವ ಶಕ್ತಿಯಲ್ಲಿ ಹದಿನಾಲ್ಕು ಪಟ್ಟು ವ್ಯತ್ಯಾಸ. ಒಂದು ಸೇತುವೆಯ ಕೆಳಗೆ ಸಿಕ್ಕ ಕಸದ ರಾಶಿ ಇಡೀ ಓಣಿಯನ್ನು ಗಬ್ಬು ನಾರಿಸುವುದು ಹೀಗೆ. ಉಣಕಲ್ ಕೆರೆಯಲ್ಲಿ ಅಂತರಗಂಗೆ ಹರಡಿದಾಗಲೂ ಆಗುವುದು ಅದೇ. ಗಾಳಿ ನೀರನ್ನು ಮುಟ್ಟದಂತೆ ಅದು ಚಾಪೆ ಹಾಸುತ್ತದೆ. ನಾಲಾದ ದಂಡೆಗೆ ಸೈಕಲ್ ದಾರಿ, ಹಸಿರು ಕಾರಿಡಾರ್ ಬಂದಿರುವುದು ಒಳ್ಳೆಯದೇ. ಆದರೆ ದಂಡೆಯನ್ನು ಕಾಂಕ್ರೀಟಿನಿಂದ ನಯಗೊಳಿಸುವಾಗ ನೀರಿನ ವೇಗ, ಸುಳಿ, ಉಸಿರು ಮೂರೂ ಬದಲಾಗುತ್ತವೆ. ವಿನ್ಯಾಸದ ಜೊತೆಗೆ ಆ ಲೆಕ್ಕವೂ ಜನರ ಮುಂದೆ ಬರಬೇಕು.

ಅಳತೆಗೆ ದೊಡ್ಡ ದುಡ್ಡು ಬೇಕೆಂಬ ಮಾತು ಈಗ ನಿಲ್ಲುವುದಿಲ್ಲ. ಜಪಾನಿನ ಫುಜಿತಾ ಮತ್ತು ಜೊತೆಗಾರರು 1998ರಲ್ಲಿ ನದಿಯ ವಿಡಿಯೊದಿಂದಲೇ ಮೇಲ್ಮೈ ವೇಗ ತೆಗೆಯುವುದನ್ನು ತೋರಿಸಿದರು. ಸೇತುವೆಯ ಮೇಲಿಂದ ಹಿಡಿದ ಮೊಬೈಲ್ ವಿಡಿಯೊ ಸಾಕು, ನೊರೆ ಮತ್ತು ಕಸವೇ ಗುರುತು. ಬಂದ ವೇಗವನ್ನು ಸುಮಾರು 0.85ರಿಂದ ಗುಣಿಸಿದರೆ ಸರಾಸರಿ ಸಿಗುತ್ತದೆ. ಈ 0.85 ಕೂಡ ಒಂದು ಗುಣಾಂಕವೇ, ಜಾಲಿ ತುಂಬಿದ ಹಳ್ಳದಲ್ಲಿ ಅದನ್ನೂ ಪರೀಕ್ಷಿಸಬೇಕು. ಧಾರವಾಡದಲ್ಲಿ ನೀರು–ನೆಲದ ನಿರ್ವಹಣೆಗೆಂದೇ ವಾಲ್ಮಿ ಇದೆ. 2016ರಲ್ಲಿ ಐಐಟಿ ಶುರುವಾದದ್ದೂ ಅದರ ಆವರಣದಲ್ಲೇ. ಬೆಳಗಾವಿಯಲ್ಲಿ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಕೇಂದ್ರವಿದೆ, ಎರಡೂ ನಗರಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಎರೆನಾಡಿನ ಹಳ್ಳಗಳಿಗೆಂದು ನಮ್ಮದೇ ಒರಟುತನದ, ಬೆರಕೆಯ ಗುಣಾಂಕಗಳ ಪಟ್ಟಿ ಇಲ್ಲಿ ತಯಾರಾಗದೆ ಬೇರೆಲ್ಲಿ ತಯಾರಾಗಬೇಕು?

ಒಂದು ಚೀಲ ಉಪ್ಪಿನಿಂದ ಶುರು ಮಾಡಬಹುದು. ಐವತ್ತು ಕಿಲೊ ಉಪ್ಪನ್ನು ಡ್ರಮ್ಮಿನಲ್ಲಿ ಕರಗಿಸಿ ನಾಲಾದ ಅಗಲದುದ್ದಕ್ಕೂ ಒಮ್ಮೆಲೇ ಸುರಿಯಬೇಕು. ಅರ್ಧ ಕಿಲೊಮೀಟರ್ ಕೆಳಗಿನ ಸೇತುವೆಯಲ್ಲಿ ವಿದ್ಯುತ್‌ವಾಹಕತೆಯ ಮಾಪಕ ಹಿಡಿದು ಕೂತ ವಿದ್ಯಾರ್ಥಿಗಳು ಹತ್ತು ಸೆಕೆಂಡಿಗೊಮ್ಮೆ ಅಂಕಿ ಬರೆಯಬೇಕು. ಇಪ್ಪತ್ತು ನಿಮಿಷದ ಹೊತ್ತಿಗೆ ಅಂಕಿ ಏರುತ್ತದೆ, ಶಿಖರ ಮುಟ್ಟುತ್ತದೆ, ಇಳಿಯುತ್ತದೆ. ಟೇಲರ್ 1954ರಲ್ಲಿ ಕೊಟ್ಟ ಸಿದ್ಧಾಂತದ ಪ್ರಕಾರ ಏರಿಕೆ–ಇಳಿಕೆ ಹೆಚ್ಚುಕಡಿಮೆ ಜೋಡಿಯಂತಿರಬೇಕು. ನಮ್ಮ ನಾಲಾದಲ್ಲಿ ಹಾಗಾಗುವುದನ್ನು ನಾನು ನಿರೀಕ್ಷಿಸುವುದಿಲ್ಲ. ಬೆನಕಾಲಾ ಮತ್ತು ವಾಲ್ಟರ್ಸ್ 1983ರಲ್ಲಿ ಅಮೆರಿಕದ ಗುಡ್ಡದ ತೊರೆಯೊಂದರಲ್ಲಿ ಕಂಡಂತೆ ಇಳಿಕೆಗೆ ಉದ್ದನೆಯ ಬಾಲ ಇರುತ್ತದೆ. ಅಲ್ಲಿ ತೊರೆಯ ಮೂಲೆಮೂಲೆಯ ಮಡುಗಳು ಹಿಡಿದಿಟ್ಟುಕೊಂಡವು, ಇಲ್ಲಿ ಜಾಲಿಯ ಬುಡ, ಹೂಳಿನ ದಿಬ್ಬದ ಹಿಂದಿನ ಮಡು, ಪ್ಲಾಸ್ಟಿಕ್ ಚೀಲಗಳ ಗಂಟು ಹಿಡಿದಿಟ್ಟುಕೊಳ್ಳುತ್ತವೆ. ಶಿಖರ ದಾಟಿ ಹೋಗಿ ಅರ್ಧ ಗಂಟೆಯಾದರೂ ಅವು ಉಪ್ಪನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತವೆ. ಮಾಪಕದ ಅಂಕಿ ಮೊದಲಿನ ಜಾಗಕ್ಕೆ ಮರಳುವವರೆಗೂ ಸೇತುವೆಯ ಮೇಲೆ ಕೂತು ಬರೆದುಕೊಳ್ಳಬೇಕು.